ದೀರ್ಘಾಯುಷ್ಯವೂ ದೈವಾನುಗ್ರಹವೂ

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದಂದಿನಿಂದ ಕ್ರಿಸ್ತಭಕ್ತಿಯು ಧಾರವಾಡ ಜಿಲ್ಲೆಯ ತಂಬೂರ ಗ್ರಾಮದ ಈ ಸೀಮೆಗೆ ಅಪರಿಚಿತವಲ್ಲ. ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ದೇವರ ಹೆಸರಿನಲ್ಲಿ ಗಡಿಗೆಗೆ ಹಾಕಿ, ಭಾನುವಾರ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಪ್ರಾರ್ಥನೆಗೆ ನಡೆಯುವ ಅಜ್ಜಿಯೊಬ್ಬಳು, ಪತಿಯನ್ನೂ ಮಕ್ಕಳನ್ನೂ ಮಣ್ಣಿಗೊಪ್ಪಿಸಿ ತೊಂಬತ್ತನ್ನು ದಾಟಿದಳೆಂದರೆ, ಆ ಆಯುಷ್ಯವನ್ನು ಭಕ್ತಿಯ ಫಲವೆನ್ನಬೇಕೋ ಪರೀಕ್ಷೆಯೆನ್ನಬೇಕೋ? ತಂದೆತಾಯಿಗಳನ್ನು ಸನ್ಮಾನಿಸುವವರಿಗೆ ದಶಾಜ್ಞೆಗಳು ದೀರ್ಘಾಯುಷ್ಯವನ್ನು ವಾಗ್ದಾನಮಾಡುತ್ತವೆ, ನಿಜ. ಆದರೆ ಯೇಸುಸ್ವಾಮಿಯೇ ಮೂವತ್ತರ ಆಸುಪಾಸಿನಲ್ಲಿ ಶಿಲುಬೆಗೇರಿದನಾದಕಾರಣ, ವರ್ಷಗಳನ್ನೆಣಿಸಿ ಅನುಗ್ರಹವನ್ನಳೆಯ ಹೊರಡುವುದು, ನನ್ನ ಮಟ್ಟಿಗೆ, ಲೇವಾದೇವಿಯ ಬುದ್ಧಿಯೇ ಸರಿ. ದುಃಖದ ಕಾರಣವನ್ನು ಕೇಳಿದ ಬೈಬಲಿನ ಯೋಬನಿಗೂ ದೊರೆತುದು ವಿವರಣೆಯಲ್ಲ, ದರ್ಶನ. ಅಜ್ಜಿಯನ್ನು ಕೇಳಿದರೋ, “ಅಂವ ಇಟ್ಟಾನ, ನಾ ಇದ್ದೀನಿ” ಎಂದುಬಿಡುವಳು. ದೇವಶಾಸ್ತ್ರಜ್ಞರು ಇಷ್ಟು ಬೇಗ ಮಾತು ಮುಗಿಸಿದುದನ್ನು ನಾನರಿಯೆ.