ನೆರೆಕರೆಯ ಸಮಿತಿ: ಸೇವೆಯೋ, ಸ್ವಾಮ್ಯವೋ?

ವೇತನ ಪಡೆದು ದುಡಿಯುವವರ ಹೊಣೆಗಾರಿಕೆಯನ್ನು ಅಳೆಯಲು ಕಛೇರಿಯ ನಿಯಮಗಳಿವೆ, ಮೇಲಧಿಕಾರಿಗಳಿದ್ದಾರೆ. ಆದರೆ ಬಿಡಿಗಾಸನ್ನೂ ಬಯಸದೆ, ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡು, ಊರಿನ ಸಮಿತಿಯೊಂದರಲ್ಲಿ ಕುಳಿತು ನಾಲ್ವರ ವಿಷಯವನ್ನು ತೀರ್ಮಾನಿಸುವವರ ಹೊಣೆಯನ್ನು ಅಳೆಯುವ ಮಾನದಂಡ ಯಾವುದು? ‘ನಾನು ಉಚಿತವಾಗಿ ದುಡಿಯುತ್ತಿದ್ದೇನೆ’ ಎಂಬುದು ವಿನಯದ ಮಾತಾಗಿರಬಹುದು. ಅದೇ ಮಾತು ಮೆಲ್ಲಮೆಲ್ಲನೆ ಅಧಿಕಾರದ ಮಾತಾಗಿಯೂ ಬದಲಾಗಬಹುದು. ಈ ಎರಡರ ನಡುವಿನ ಗೆರೆ ಬಹು ಸೂಕ್ಷ್ಮವಾದುದು.

ಕುಂಬಳೆಯಿಂದ ಬದಿಯಡ್ಕಕ್ಕೆ ಸಾಗುವ ದಾರಿಯಲ್ಲಿರುವ ಸೀತಾಂಗೋಳಿ, ಕಾಸರಗೋಡು ಜಿಲ್ಲೆಯ ಪುತ್ತಿಗೆ ಗ್ರಾಮ ಪಂಚಾಯತಿಗೆ ಸೇರಿದ ಪೇಟೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಡಳಿತದ ಭಾಷೆ ಮಲಯಾಳವಾಯಿತು. ಅಂಗಳದ ಭಾಷೆಗಳು ಮಾತ್ರ ಹಲವಾಗಿಯೇ ಉಳಿದವು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ಈ ಸೀಮೆಯ ಮನೆಮಾತುಗಳು. ಇಂತಹ ನೆಲದಲ್ಲಿ ಹತ್ತು ಮನೆಯವರು ಒಂದೆಡೆ ಕುಳಿತು ಒಂದು ಮಾತಿಗೆ ಬರುವುದೇ ಒಂದು ಸಾಧನೆ.

ಆ ಸಾಧನೆಗೆ ಕೇರಳದಲ್ಲಿ ಒಂದು ಚೌಕಟ್ಟು ದೊರೆತದ್ದು ಕುಟುಂಬಶ್ರೀಯ ಮೂಲಕ. 1998ರ ಮೇ 17ರಂದು ಮಲಪ್ಪುರದಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಉದ್ಘಾಟಿಸಿದ ಈ ಯೋಜನೆಯ ಬುನಾದಿ ನೆರೆಕರೆಯ ಕೂಟ, ಅಂದರೆ ಅಯಲ್‌ಕೂಟ. ಹತ್ತರಿಂದ ಇಪ್ಪತ್ತು ಮನೆಗಳ ಮಹಿಳೆಯರು ಸೇರಿ ಸಣ್ಣ ಮೊತ್ತವನ್ನು ಉಳಿಸುತ್ತಾರೆ, ಅದರಿಂದಲೇ ತಮ್ಮೊಳಗೆ ಸಾಲ ಕೊಡುತ್ತಾರೆ. ಅಧ್ಯಕ್ಷೆ, ಕಾರ್ಯದರ್ಶಿ, ಹಾಗೂ ಆರೋಗ್ಯ, ಆದಾಯ, ಮೂಲಸೌಕರ್ಯಗಳನ್ನು ನೋಡಿಕೊಳ್ಳುವ ಮೂವರು ಹೀಗೆ ಐವರು ಸ್ವಯಂಸೇವಕಿಯರನ್ನು ಅವರೇ ಆರಿಸುತ್ತಾರೆ. ವಾರ್ಡಿನ ಕೂಟಗಳೆಲ್ಲ ಸೇರಿ ಎಡಿಎಸ್, ಪಂಚಾಯತಿಯ ಮಟ್ಟದಲ್ಲಿ ಸಿಡಿಎಸ್. ಸಿಡಿಎಸ್ ಅಧ್ಯಕ್ಷೆಗೆ ಗೌರವಧನವುಂಟು. ಆದರೆ ಕೆಳಗಿನ ಸ್ತರದಲ್ಲಿ ಹೆಚ್ಚಿನವರದು ಸಂಬಳವಿಲ್ಲದ ದುಡಿಮೆ.

ಈ ಸಂಬಳವಿಲ್ಲದ ಕೈಗಳಿಗೆ ಒಪ್ಪಿಸಿದ ಕೆಲಸವೇನು ಸಣ್ಣದಲ್ಲ. ಬಡವರು ಯಾರು ಎಂಬುದನ್ನು ನಿರ್ಣಯಿಸಲು ಕುಟುಂಬಶ್ರೀ ಮೊದಲ ದಿನಗಳಲ್ಲಿ ಒಂಬತ್ತು ಅಂಶಗಳನ್ನು ಇಟ್ಟುಕೊಂಡಿತ್ತು. ಸರಿಯಾದ ಮನೆ ಇಲ್ಲದಿರುವುದು, ಶೌಚಾಲಯವಿಲ್ಲದಿರುವುದು, ಕುಡಿಯುವ ನೀರಿನ ಅಭಾವ, ದಿನಕ್ಕೆ ಎರಡು ಹೊತ್ತಿನ ಊಟಕ್ಕೂ ಕೊರತೆ, ದುಡಿಯುವವರು ಒಬ್ಬರೇ ಇರುವುದು ಅಥವಾ ಯಾರೂ ಇಲ್ಲದಿರುವುದು, ಮನೆಯಲ್ಲಿ ಕುಡಿತದ ಚಟ ಇಂತಹವು. ನಾಲ್ಕು ಅಥವಾ ಹೆಚ್ಚಿನ ಕೊರತೆಗಳಿರುವ ಕುಟುಂಬ ಬಡಕುಟುಂಬವೆಂದು ಗಣನೆ. ವರಮಾನದ ಪ್ರಮಾಣಪತ್ರ ಹೇಳದ ಸತ್ಯವನ್ನು ಪಕ್ಕದ ಮನೆಯ ಕಣ್ಣು ಬಲ್ಲದು ಎಂಬುದೇ ಇದರ ಹಿಂದಿನ ನಂಬಿಕೆ. ಆದರೆ ಪಕ್ಕದ ಮನೆಯ ಕಣ್ಣಿಗೆ ಸತ್ಯವೂ ಗೊತ್ತು, ಸ್ನೇಹವೂ ಗೊತ್ತು, ಹಳೆಯ ಮನಸ್ತಾಪವೂ ಗೊತ್ತು. ಧರ್ಮಸಂಕಟ ಹುಟ್ಟುವುದು ಇಲ್ಲಿಯೇ.

ಒಂದು ಸನ್ನಿವೇಶವನ್ನು ಕಲ್ಪಿಸಬಹುದು. ವಾರ್ಡಿನ ಸಮಿತಿಯಿಂದ ಒಂದು ಸಹಾಯಕ್ಕೆ ಒಂದೇ ಹೆಸರನ್ನು ಕಳುಹಿಸಬೇಕಾಗಿದೆ. ಸದಸ್ಯೆಯೊಬ್ಬಳ ಮುಂದೆ ಎರಡು ಹೆಸರುಗಳಿವೆ. ಒಬ್ಬಾಕೆ ಅವಳದೇ ಕೂಟದವಳು. ಹತ್ತು ವರ್ಷ ಒಂದು ವಾರವೂ ತಪ್ಪದೆ ಉಳಿತಾಯ ಕಟ್ಟಿದವಳು, ಚುನಾವಣೆಯಲ್ಲಿ ಅವಳಿಗಾಗಿ ಕೈ ಎತ್ತಿದವಳು. ಇನ್ನೊಬ್ಬಾಕೆ ಕೆಂಪುಕಲ್ಲಿನ ಕೋರೆಯ ಆಚೆ ಒಂಟಿಯಾಗಿರುವ ವೃದ್ಧೆ. ವಾರದ ಹಣ ಹೊಂದಿಸಲಾಗದೆ ಕೂಟವನ್ನೇ ಬಿಟ್ಟವಳು. ಸಭೆಯಲ್ಲಿ ಆಕೆಯ ಭಾಷೆಯನ್ನಾಡುವವರೂ ವಿರಳ. ಸದಸ್ಯೆ ಯಾರ ಹೆಸರನ್ನು ಹೇಳಬೇಕು?

ಮೊದಲನೆಯವಳ ಪರವಾದ ವಾದ ಹುರುಳಿಲ್ಲದ್ದಲ್ಲ. ನಿಯಮ ಪಾಲಿಸಿದವರಿಗೆ ಮನ್ನಣೆಯಿಲ್ಲದಿದ್ದರೆ ಕೂಟ ಉಳಿಯುವುದು ಹೇಗೆ? ಆರಿಸಿದವರ ಕಷ್ಟಕ್ಕೆ ಒದಗದ ಪ್ರತಿನಿಧಿ ಏತಕ್ಕೆ? ಮೇಲಾಗಿ, ನಿರಾಕರಿಸಿದರೆ ನಾಳೆ ಬೆಳಿಗ್ಗೆ ಅದೇ ಬಾವಿಕಟ್ಟೆಯಲ್ಲಿ ಅದೇ ಮುಖವನ್ನು ನೋಡಬೇಕು. ಅಧಿಕಾರಿಗೆ ವರ್ಗಾವಣೆಯಿದೆ, ನೆರೆಯವಳಿಗೆ ಇಲ್ಲ.

ಆದರೂ ಈ ವಾದ ಒಂದು ಭೇದವನ್ನು ಮರೆಯುತ್ತದೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾಗಿ ಕಾಸರಗೋಡಿಗೂ ಹಬ್ಬಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಪ್ರಗತಿಬಂಧು’ ಗುಂಪುಗಳು ಜೈನ ಕುಟುಂಬಗಳಿಗೆ ಅಪರಿಚಿತವಲ್ಲ. ಅಲ್ಲಿ ಸಣ್ಣ ಕೃಷಿಕರು ವಾರಕ್ಕೊಂದು ದಿನ ಒಬ್ಬರ ಜಮೀನಿನಲ್ಲಿ ಒಟ್ಟಾಗಿ ದುಡಿಯುತ್ತಾರೆ. ಮುಂದಿನ ವಾರ ಇನ್ನೊಬ್ಬರ ಸರದಿ. ಅದು ಮುಯ್ಯಿಗೆ ಮುಯ್ಯಿ, ನ್ಯಾಯವಾದ ವಿನಿಮಯ. ಏಕೆಂದರೆ ಅಲ್ಲಿ ಕೊಡುವುದು ಸ್ವಂತ ರಟ್ಟೆಯ ಶ್ರಮ. ಸಮಿತಿಯ ಸದಸ್ಯೆ ಕೊಡುವುದಾದರೋ ತನ್ನದನ್ನಲ್ಲ, ಎಲ್ಲರಿಗೆ ಸೇರಿದುದನ್ನು. ಸ್ವಂತದ್ದರಲ್ಲಿ ಋಣ ತೀರಿಸುವುದು ಕೃತಜ್ಞತೆ. ಎಲ್ಲರದರಲ್ಲಿ ಋಣ ತೀರಿಸುವುದು ಪಕ್ಷಪಾತ. ಸಭೆಗೆ ಬರುವವರಿಗೆ ಸ್ವಂತ ಬಾಯಿಯಿದೆ. ಬಾರದವರಿಗೆ ಆ ಪೀಠವೊಂದೇ ಬಾಯಿ.

ಕೂಟದ ವ್ಯವಸ್ಥೆಯೂ ಈ ಸತ್ಯವನ್ನು ಅನುಭವದಿಂದ ಕಂಡುಕೊಂಡಿತು. ಉಳಿತಾಯ ಮಾಡಲೂ ಶಕ್ತಿಯಿಲ್ಲದವರು ಕೂಟದ ಹೊರಗೇ ಉಳಿಯುತ್ತಾರೆಂದು ಮನಗಂಡು 2002ರಲ್ಲಿ ನಿರ್ಗತಿಕರಿಗಾಗಿ ‘ಆಶ್ರಯ’ ಎಂಬ ಯೋಜನೆ ಬಂತು. ಅವರನ್ನು ಗುರುತಿಸುವ ಕೆಲಸ ಅದೇ ನೆರೆಕರೆಯ ಮಹಿಳೆಯರ ಪಾಲಿಗೆ ಬಂತು. 2021ರಲ್ಲಿ ತೊಡಗಿದ ಅತಿಬಡವರ ಸಮೀಕ್ಷೆಯಲ್ಲಿ ರಾಜ್ಯಾದ್ಯಂತ 64,006 ಕುಟುಂಬಗಳು ಗುರುತಿಸಲ್ಪಟ್ಟವು. 2025ರ ನವೆಂಬರ್ 1ರಂದು ರಾಜ್ಯವು ಅತಿಬಡತನದಿಂದ ಮುಕ್ತವಾಯಿತೆಂದು ಸರ್ಕಾರ ಘೋಷಿಸಿತು. ಘೋಷಣೆಯ ಕುರಿತು ಚರ್ಚೆಗಳಾದವು. ಆದರೆ ಒಂದು ಮಾತು ಚರ್ಚೆಗೆ ನಿಲುಕದು: ಪಟ್ಟಿಯಲ್ಲಿ ಹೆಸರಿಲ್ಲದವರ ಹಸಿವು ಯಾವ ಲೆಕ್ಕಕ್ಕೂ ಬರುವುದಿಲ್ಲ, ಆ ಹೆಸರನ್ನು ಬರೆಯಿಸಬಲ್ಲವರು ಕೋರೆಯ ಆಚೆಗೂ ನಡೆದುಹೋದ ನೆರೆಯವರು ಮಾತ್ರ.

ಹಾಗಾದರೆ ಹತ್ತು ವರ್ಷ ಉಳಿತಾಯ ಕಟ್ಟಿದವಳಿಗೆ ಹೇಳುವುದೇನು? ಮರೆಮಾಚದೆ ಕಾರಣ ಹೇಳುವುದು. ಎರಡೂ ಮನೆಗಳ ಕೊರತೆಗಳನ್ನು ಸಭೆಯಲ್ಲೇ ಎಣಿಸಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ನಡಾವಳಿಯನ್ನು ಓದಿ, ಆ ಬಳಿಕವೇ ಸಹಿ ಪಡೆಯುವುದು. ಓದಲು ಬಾರದ ಭಾಷೆಯ ಪುಸ್ತಕಕ್ಕೆ ಹಾಕಿದ ಸಹಿ ಒಪ್ಪಿಗೆಯಾಗದು. ತನ್ನವರ ಹೆಸರು ಚರ್ಚೆಗೆ ಬಂದಾಗ ‘ಈಕೆ ನನ್ನ ಗೆಳತಿ, ನೀವು ತೀರ್ಮಾನಿಸಿ’ ಎಂದು ಹಿಂದೆ ಸರಿಯುವುದೂ ಸೇವೆಯೇ. ಗೆಳತಿಯ ಮುನಿಸನ್ನು ಕೆಲಕಾಲ ಸಹಿಸಬೇಕಾದೀತು. ಸಂಬಳವಿಲ್ಲದ ಈ ದುಡಿಮೆಯ ನಿಜವಾದ ಬೆಲೆ ವ್ಯಯವಾದ ಸಮಯವಲ್ಲ, ಈ ಮುನಿಸು.

ಅಪರಿಗ್ರಹವೆಂದೊಡನೆ ಹೊನ್ನು, ಮಣ್ಣು ನೆನಪಾಗುತ್ತವೆ. ಆದರೆ ಹಣವನ್ನು ಮುಟ್ಟದವರೂ ಸ್ಥಾನವನ್ನು ಹಿಡಿದುಕೊಂಡಾರು. ಸ್ಥಾನವನ್ನು ಬಿಟ್ಟವರೂ ‘ಇಷ್ಟೆಲ್ಲ ಮಾಡಿದೆ’ ಎಂಬ ಲೆಕ್ಕವನ್ನು ಹಿಡಿದುಕೊಂಡಾರು. ಉಚಿತ ಸೇವೆಯಿಂದ ಹುಟ್ಟುವ ಈ ಹಕ್ಕಿನ ಭಾವನೆಯೇ ಅತಿ ಸೂಕ್ಷ್ಮವಾದ ಪರಿಗ್ರಹ. ಅವಧಿ ಮುಗಿದಾಗ ನಡಾವಳಿ ಪುಸ್ತಕವನ್ನೂ ಬೀರುವಿನ ಕೀಲಿಯನ್ನೂ ಮುಂದಿನವರ ಕೈಗಿತ್ತು, ಮರುವಾರ ಅದೇ ಚಾಪೆಯ ಮೇಲೆ ಸಾಮಾನ್ಯ ಸದಸ್ಯೆಯಾಗಿ ಕುಳಿತುಕೊಳ್ಳಬಲ್ಲವಳು ಆ ಪರಿಗ್ರಹವನ್ನು ಗೆದ್ದವಳು.

ನೆರೆಕರೆಯ ಕೂಟಕ್ಕೆ ಸಲ್ಲುವ ಈ ಮಾತು ಶಾಲೆಯ ಆಡಳಿತ ಮಂಡಳಿಗೂ, ಬಸದಿಯ ಉತ್ಸವ ಸಮಿತಿಗೂ ಸಲ್ಲುತ್ತದೆ. ಸಭೆ ಮುಗಿದು ಚಾಪೆ ಮಡಚುವ ಮುನ್ನ ಪ್ರತಿಯೊಬ್ಬರೂ ತಮ್ಮೊಳಗೆ ಕೇಳಿಕೊಳ್ಳಬಹುದಾದ ಪ್ರಶ್ನೆ ಒಂದಿದೆ: ಈ ದಿನ ಇಲ್ಲಿಗೆ ಬಾರದವರು ಯಾರು, ಅವರ ಪರವಾಗಿ ಮಾತಾಡಿದವರು ಯಾರು? ಉತ್ತರ ದೊರೆತ ಸಭೆಯಲ್ಲಿ ಸೇವೆ ನಡೆದಿದೆ.