ಕೋವಿಯೊಡನೆ ಬಾರದ ಹಕ್ಕು

ಪುತ್ತೂರು, ಸುಳ್ಯ, ಕಡಬದ ಕೃಷಿಕರು ಬೆಳೆರಕ್ಷಣೆಗೆಂದು ಪರವಾನಗಿ ಪಡೆದು, ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿಯಿಟ್ಟು ಮರಳಿ ತರುವ ಕೋವಿಗಳನ್ನು ನೀವು ಬಲ್ಲಿರಿ. ಅವುಗಳ ನಡುವೆ ಬರ್ಮಿಂಗ್‌ಹ್ಯಾಮಿನ ಹಳೆಯ ಜೋಡುನಳಿಗೆಯದೊಂದು ಇದ್ದರೆ, ಉಕ್ಕಿನ ಮೇಲಿನ ಕೆತ್ತನೆಗಾಗಿಯೇ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ. ಕುಶಲಕರ್ಮಿಯ ಕೈಯನ್ನು ಮೆಚ್ಚುವುದು ತಪ್ಪೇನಲ್ಲ. ಆ ಕೈ ಅಲಂಕರಿಸಿದ್ದು ಪ್ರಾಣ ತೆಗೆಯುವ ಸಾಧನವನ್ನು ಎಂಬುದಷ್ಟೇ ಮರೆತುಹೋಗುತ್ತದೆ.

1959ರ ಶಸ್ತ್ರಾಸ್ತ್ರ ಕಾಯಿದೆ ಅದನ್ನು ಮರೆತಿಲ್ಲ. ತಂದೆ ತೀರಿಕೊಂಡರೆ ತೋಟ, ಮನೆ ಮಕ್ಕಳಿಗೆ ಬರುತ್ತವೆ. ಕೋವಿಯ ಪರವಾನಗಿ ಬರುವುದಿಲ್ಲ. ಮಗ ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕು. 2019ರ ತಿದ್ದುಪಡಿಯಿಂದೀಚೆಗೆ, ಪಿತ್ರಾರ್ಜಿತವಾದರೂ, ಸಾಮಾನ್ಯ ಪರವಾನಗಿದಾರನಿಗೆ ಎರಡೇ ಕೋವಿ.

ಹಾಗಾದರೆ, ಕಾಡುಹಂದಿಯ ಹಾವಳಿಯೆಂದು ಅರ್ಜಿಯಲ್ಲಿ ಬರೆದು, ಬೆಲೆಯೇರಲೆಂದು ಕೋವಿಯನ್ನು ಕಪಾಟಿನಲ್ಲಿ ಕಾಯ್ದಿರಿಸುವವನ ಮಾತು ಸತ್ಯವೇ? ನಿಜವಾಗಿ ಬೆಳೆ ಕಳೆದುಕೊಳ್ಳುತ್ತಿರುವ ನೆರೆಯವನ ಅರ್ಜಿಯಲ್ಲಿಯೂ ಅದೇ ಮಾತು ಇರುತ್ತದೆ.