ಹಿಂದೆಗೆದವರ ಶೌರ್ಯ

ಪ್ರಬಲ ಸಾಮ್ರಾಜ್ಯದೊಡನೆ ಕಾದುವ ದುರ್ಬಲರು ರಣದಲ್ಲಿ ಹಿಂದೆಗೆದರೆ ಅದು ಹೇಡಿತನವೆ? ಅಮೆರಿಕದ ವಸಾಹತುಗಳು ಆಂಗ್ಲರ ವಿರುದ್ಧ ಎದ್ದಾಗ, 1776ರಲ್ಲಿ ಲಾಂಗ್ ಐಲೆಂಡಿನಲ್ಲಿ ಸೋತ ವಾಷಿಂಗ್ಟನ್ನನು ಇರುಳಿನಲ್ಲಿ ನದಿಯನ್ನು ದಾಟಿಸಿ ತನ್ನ ಸೇನೆಯನ್ನು ಉಳಿಸಿಕೊಂಡನು. ಮರುವರ್ಷ ಫಿಲಡೆಲ್ಫಿಯಾ ನಗರವೇ ಶತ್ರುವಶವಾಯಿತು. ಆದರೂ ಸೇನೆಯು ಅಳಿಯುವ ತನಕ ದಂಗೆಯು ಅಳಿಯುವಂತಿರಲಿಲ್ಲ.

ಈ ತಾಳ್ಮೆಯ ಬೆಲೆಯನ್ನು ತೆತ್ತವರಾರು? ವ್ಯಾಲಿ ಫೋರ್ಜಿನ ಚಳಿಗಾಲದ ಬೀಡಿನಲ್ಲಿ ಸುಮಾರು 2,000 ಸೈನಿಕರು ಹೆಚ್ಚಾಗಿ ರೋಗದಿಂದಲೇ ಮಡಿದರು. ಅವರನ್ನು ಮರೆತು ಸೇನಾನಿಯ ವಿವೇಕವನ್ನಷ್ಟೇ ಹೊಗಳುವುದು ನ್ಯಾಯವಲ್ಲ. 1781ರಲ್ಲಿ ಫ್ರೆಂಚ್ ನೌಕಾಬಲವು ಕಡಲ ದಾರಿಯನ್ನು ಮುಚ್ಚಿದುದರಿಂದ ಕಾರ್ನ್‌ವಾಲಿಸನು ಯಾರ್ಕ್‌ಟೌನಿನಲ್ಲಿ ಶರಣಾದನು. ಆಂಗ್ಲರ ಬಲವೇನೂ ಉಡುಗಿರಲಿಲ್ಲ. ಆ ಯುದ್ಧವನ್ನು ಮುಂದುವರಿಸುವ ಮನಸ್ಸು ಮಾತ್ರ ಅವರ ಪಾರ್ಲಿಮೆಂಟಿಗೆ ಉಳಿಯಲಿಲ್ಲ. ಅದೇ ಕಾರ್ನ್‌ವಾಲಿಸನು 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಡುವಂತೆ ಮಾಡಿದನು.